ಎಂಬತ್ತೈದು ಜನರ ಕಾರ್ಖಾನೆಗೆ ಸೈಬರ್ ಭದ್ರತೆ: ಮೊದಲು ಯಾವ ಬಾಗಿಲು ಮುಚ್ಚಬೇಕು?

ಪೀಣ್ಯ ಎರಡನೇ ಹಂತ:

ಎಲ್ಲರಿಗೂ ನಮಸ್ಕಾರ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಘಟಕವೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಲೆಕ್ಕಪತ್ರ ಮತ್ತು ಆಡಳಿತವನ್ನು ನೋಡಿಕೊಳ್ಳುತ್ತಿದ್ದೇನೆ. ನಾನು ಬಿ.ಕಾಂ. ಓದಿದವಳು, ಕಂಪ್ಯೂಟರ್ ಶಾಸ್ತ್ರ ಕಲಿತವಳಲ್ಲ. ನಮ್ಮಲ್ಲಿ 85 ಜನ ಕೆಲಸ ಮಾಡುತ್ತಾರೆ, ಲೆಕ್ಕದ ಪ್ರಕಾರ 31 ಕಂಪ್ಯೂಟರ್‌ಗಳಿವೆ. ಪ್ರತ್ಯೇಕ ಐಟಿ ವಿಭಾಗವಿಲ್ಲ, ಎಸ್.ಪಿ. ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಒಬ್ಬರು ತಿಂಗಳಿಗೆ ಎರಡು ಸಲ ಬಂದು ನೋಡಿ ಹೋಗುತ್ತಾರೆ.

ಕಳೆದ ತಿಂಗಳು ನಮಗೆ ಉಕ್ಕಿನ ಸರಳು ಪೂರೈಸುವವರ ಹೆಸರಿನಲ್ಲಿ ಒಂದು ಇಮೇಲ್ ಬಂತು. ಹೊಸದಾಗಿ ಬಂದ ಪತ್ರವಾಗಿದ್ದರೆ ಅನುಮಾನ ಬರುತ್ತಿತ್ತೇನೋ; ಅದು ನಾವು ಮೂರು ವಾರಗಳಿಂದ ಅವರೊಡನೆ ನಡೆಸುತ್ತಿದ್ದ ಪತ್ರವ್ಯವಹಾರದ ಮುಂದುವರಿಕೆಯಾಗಿಯೇ ಬಂದಿತ್ತು. ಇನ್‌ವಾಯ್ಸ್ ಸಂಖ್ಯೆ ಸರಿಯಿತ್ತು, ಲೆಟರ್‌ಹೆಡ್ ಇತ್ತು, ಮೊಹರಿತ್ತು. ಲೆಕ್ಕಪರಿಶೋಧನೆ ನಡೆಯುತ್ತಿರುವುದರಿಂದ ಈ ಸಲದ ಹಣವನ್ನು ಬೇರೆ ಖಾತೆಗೆ ಹಾಕಬೇಕು ಎಂದು ಕೋರಲಾಗಿತ್ತು. ನಮ್ಮ ವಿಭಾಗದ ಕಿರಿಯ ಹುಡುಗ ಶನಿವಾರ ಮಧ್ಯಾಹ್ನ 18 ಲಕ್ಷದ 40 ಸಾವಿರ ರೂಪಾಯಿ ಕಳುಹಿಸಿದ. ಮಂಗಳವಾರ ನಿಜವಾದ ಪೂರೈಕೆದಾರರು ಬಾಕಿ ಕೇಳಿ ಫೋನ್ ಮಾಡಿದಾಗಲೇ ನಮಗೆ ವಿಷಯ ತಿಳಿದದ್ದು. ಪರದೆಯ ಮೇಲೆ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದಾಗ, ಅವರ ವಿಳಾಸದಲ್ಲಿ 'ಎಂ' (m) ಇರಬೇಕಾದ ಕಡೆ 'ಆರ್' ಮತ್ತು 'ಎನ್' (rn) ಅಂಟಿಕೊಂಡಂತೆ ಕುಳಿತಿದ್ದವು. ನಾನೇ ಆ ಇಮೇಲನ್ನು ಎರಡು ಸಲ ಓದಿದ್ದೆ, ನನಗೂ ಕಂಡಿರಲಿಲ್ಲ.

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು, ಸೈಬರ್ ಠಾಣೆಯಲ್ಲಿ ದೂರು ಕೊಟ್ಟೆವು. 6 ಲಕ್ಷದ 20 ಸಾವಿರ ರೂಪಾಯಿ ತಡೆಹಿಡಿಯಲ್ಪಟ್ಟಿದೆ, ಉಳಿದದ್ದು ಆ ವೇಳೆಗೆ ಖಾತೆಯಿಂದ ಖಾತೆಗೆ ದಾಟಿಹೋಗಿತ್ತು. ಆಮೇಲೆ ಹುಡುಕಿದಾಗ, ನಮ್ಮ ಖರೀದಿ ವಿಭಾಗದವರ ಇಮೇಲ್ ಪೆಟ್ಟಿಗೆಯಲ್ಲಿ ಯಾರೋ ಒಂದು ನಿಯಮ ಬರೆದಿಟ್ಟಿದ್ದರು: 'ಇನ್‌ವಾಯ್ಸ್' ಅಥವಾ 'ಪೇಮೆಂಟ್' ಎಂಬ ಪದವಿರುವ ಪ್ರತಿ ಪತ್ರದ ಪ್ರತಿಯೊಂದು ಹೊರಗಿನ ವಿಳಾಸಕ್ಕೆ ಹೋಗುತ್ತಿತ್ತು.

ಈಗ ಮಾಲೀಕರು ಎರಡು ತೀರ್ಮಾನಕ್ಕೆ ಬಂದಿದ್ದಾರೆ. ಒಂದು, ಆ ಹುಡುಗನನ್ನು ಕೆಲಸದಿಂದ ತೆಗೆಯುವುದು. ಇನ್ನೊಂದು, ಮಾರಾಟಗಾರರೊಬ್ಬರು ಹೇಳಿರುವ ಒಂಬತ್ತು ಲಕ್ಷ ರೂಪಾಯಿಯ ಫೈರ್‌ವಾಲ್, ಅಂದರೆ ಕಚೇರಿಯ ಜಾಲಕ್ಕೆ ಹೊರಗಿನವರು ನುಗ್ಗದಂತೆ ಕಾಯುವ ಸಾಧನ, ಕೊಳ್ಳುವುದು. ಎರಡೂ ಸರಿಯೆಂದು ನನಗೆ ಅನ್ನಿಸುತ್ತಿಲ್ಲ, ಆದರೆ ಬದಲಿಗೆ ಏನು ಮಾಡಬೇಕೆಂದು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ದಯವಿಟ್ಟು ಮಾರ್ಗದರ್ಶನ ಮಾಡಿ.

ವೈಟ್‌ಫೀಲ್ಡ್ ರಾತ್ರಿಪಾಳಿ:

ಮೇಡಂ, ನಾನು ಭದ್ರತಾ ನಿಗಾ ಕೇಂದ್ರವೊಂದರಲ್ಲಿ ರಾತ್ರಿಪಾಳಿಯಲ್ಲಿ ಕೆಲಸ ಮಾಡುತ್ತೇನೆ. ಉಳಿದ ಮಾತುಗಳಿಗಿಂತ ಮೊದಲು ಒಂದು ತುರ್ತು ವಿಷಯ. ಆ ನಿಯಮವನ್ನು ಅಳಿಸಿದ ಮಾತ್ರಕ್ಕೆ ಕಳ್ಳ ಹೊರಗೆ ಹೋದನೆಂದು ತಿಳಿಯಬೇಡಿ. ಆ ಇಮೇಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿಸಿ. ಪಾಸ್‌ವರ್ಡ್ ಮರೆತರೆ ಬಳಸಲೆಂದು ಕೊಟ್ಟಿರುವ ಫೋನ್ ಸಂಖ್ಯೆ ಮತ್ತು ಇಮೇಲ್ ವಿಳಾಸ ನಿಮ್ಮವರದೇ ಎಂದು ಖಚಿತಪಡಿಸಿಕೊಳ್ಳಿ. ಆ ಖಾತೆಗೆ ಪ್ರವೇಶಾನುಮತಿ ಪಡೆದಿರುವ ಹೊರಗಿನ ಆ್ಯಪ್‌ಗಳ ಪಟ್ಟಿಯನ್ನೂ ನೋಡಿ. ಪಾಸ್‌ವರ್ಡ್ ಬದಲಾದ ಮೇಲೂ ಅಂಥ ಅನುಮತಿ ಉಳಿದುಕೊಳ್ಳಬಹುದು. ಇದೇ ಪರಿಶೀಲನೆಯನ್ನು ಉಳಿದ ಎಲ್ಲ ಇಮೇಲ್ ಖಾತೆಗಳಿಗೂ ಮಾಡಬೇಕು, ಮುಖ್ಯವಾಗಿ ಮಾಲೀಕರ ಖಾತೆಗೆ.

ಆ ಸುಳ್ಳು ಇಮೇಲನ್ನು ಪೊಲೀಸರಿಗೆ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ. ಫಾರ್ವರ್ಡ್ ಮಾಡಿದಾಗ ಅದು ಯಾವ ಸರ್ವರ್‌ನಿಂದ ಹೊರಟಿತು ಎಂದು ಹೇಳುವ ಮೂಲ ಹೆಡರ್ ಉಳಿಯುವುದಿಲ್ಲ. ಇಮೇಲನ್ನು ಮೂಲ ರೂಪದಲ್ಲಿಯೇ ಕಡತವಾಗಿ ಇಳಿಸಿಕೊಂಡು ಇಡಿ.

ಫೈರ್‌ವಾಲ್ ವಿಷಯಕ್ಕೆ ಬಂದರೆ, ಅದು ನಿರುಪಯೋಗಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮಲ್ಲಿ ನಡೆದದ್ದನ್ನು ಅದು ತಡೆಯುತ್ತಿರಲಿಲ್ಲ. ನಿಮ್ಮ ಇಮೇಲ್ ಇರುವುದು ಕ್ಲೌಡ್‌ನಲ್ಲಿ, ಅಂದರೆ ಇಮೇಲ್ ಸೇವೆ ಕೊಡುವ ಕಂಪನಿಯ ಸರ್ವರ್‌ಗಳಲ್ಲಿ. ಕದ್ದ ಪಾಸ್‌ವರ್ಡ್ ಹಿಡಿದವನು ಎಲ್ಲೋ ದೂರದಲ್ಲಿ ಕುಳಿತು ಆ ಸೇವೆಯ ಮುಂಬಾಗಿಲಿನಿಂದಲೇ ಒಳಗೆ ಹೋಗಿದ್ದಾನೆ, ನಿಮ್ಮ ಕಾರ್ಖಾನೆಯ ಗೇಟಿನ ಹತ್ತಿರವೂ ಅವನು ಸುಳಿದಿಲ್ಲ. ಆ ಖಾತೆಗೆ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಫೋನಿನಿಂದಲೂ ಒಪ್ಪಿಗೆ ಕೇಳುವ ವ್ಯವಸ್ಥೆ, ಇದ್ದಿದ್ದರೆ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತಿದ್ದ. 2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಕಂಪನಿಯ ಇಂಧನ ಪೂರೈಕೆ ದಿನಗಟ್ಟಲೆ ನಿಂತುಹೋದದ್ದಕ್ಕೆ ಮೂಲ, ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರಿಕೊಳ್ಳಲೆಂದು ಇದ್ದ, ಯಾರೂ ಬಳಸದೆ ಬಿಟ್ಟಿದ್ದ ಒಂದು ವಿಪಿಎನ್ ಖಾತೆ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೆಯ ಹಂತವೇ ಇರಲಿಲ್ಲ. ಕಡತಗಳಿಗೆ ಬೀಗ ಹಾಕಿದ ಕಳ್ಳರಿಗೆ ಅವರು 44 ಲಕ್ಷ ಡಾಲರ್ ಒತ್ತೆಹಣ ಕೊಟ್ಟರು. ನೀವು ಎರಡನೆಯ ಹಂತವನ್ನು ಚಾಲೂ ಮಾಡಲು ಒಂದು ರೂಪಾಯಿಯೂ ಬೇಕಾಗುವುದಿಲ್ಲ.

ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ನಿಮ್ಮ ಡೊಮೇನ್‌ಗೆ, ಅಂದರೆ ಇಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರಿಗೆ, ಹಾಕಿಸಿ. ನಿಮ್ಮ ವಿಳಾಸವನ್ನೇ ನಕಲು ಮಾಡಿ ಬೇರೆಯವರಿಗೆ ಇಮೇಲ್ ಕಳುಹಿಸುವುದನ್ನು ಅವು ತಡೆಯುತ್ತವೆ. ಆದರೆ 'ಆರ್', 'ಎನ್' ಸೇರಿಸಿ ಮಾಡಿದಂಥ ನೋಡಲು ಹೋಲುವ ಡೊಮೇನನ್ನು ಅವು ಹಿಡಿಯಲಾರವು, ಏಕೆಂದರೆ ತಾಂತ್ರಿಕವಾಗಿ ಅದು ಬೇರೊಬ್ಬರು ಹಣ ಕೊಟ್ಟು ಕೊಂಡ ಬೇರೆಯೇ ಡೊಮೇನ್. ಅದಕ್ಕೆ ಮದ್ದು ಹಣ ಕಳುಹಿಸುವ ಕ್ರಮದಲ್ಲಿದೆ. ಆ ವಿಷಯವನ್ನು ಲೆಕ್ಕ ಬಲ್ಲವರು ಹೇಳಲಿ.

ಬಸವನಗುಡಿ ಆಡಿಟರ್:

ಹೇಳುತ್ತೇನೆ. ಈ ವರ್ಷವೊಂದರಲ್ಲೇ ನನ್ನ ಕಕ್ಷಿದಾರರ ಪೈಕಿ ಮೂವರಿಗೆ ಇದೇ ಬಗೆಯ ವಂಚನೆ ನಡೆದಿದೆ. ಮೂರರಲ್ಲೂ ಕಂಪ್ಯೂಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಸೋತದ್ದು ಹಣ ಪಾವತಿಯ ಪದ್ಧತಿ.

ಪೂರೈಕೆದಾರರ ಬ್ಯಾಂಕ್ ಖಾತೆ ಬದಲಾವಣೆ ಎಂಬುದನ್ನು ಸಾಮಾನ್ಯ ಪಾವತಿಯಂತೆ ನೋಡಲೇಬಾರದು. ಅಂಥ ಕೋರಿಕೆ ಬಂದಾಗ ಆ ಪತ್ರದಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಬೇಡಿ, ಏಕೆಂದರೆ ಆ ಕರೆಯನ್ನು ಎತ್ತುವವನೂ ವಂಚಕನೇ ಆಗಿರುತ್ತಾನೆ. ನಿಮ್ಮ ಹಳೆಯ ಪರ್ಚೇಸ್ ಆರ್ಡರ್‌ನಲ್ಲಿ, ಗೋಡೆಯ ಮೇಲಿನ ಅವರ ಕ್ಯಾಲೆಂಡರಿನಲ್ಲಿ, ಇಲ್ಲವೇ ವಿಸಿಟಿಂಗ್ ಕಾರ್ಡಿನಲ್ಲಿ ಇರುವ ಸಂಖ್ಯೆಗೆ ಕರೆ ಮಾಡಿ, ಪರಿಚಯದ ದನಿಯಿಂದ ಖಚಿತಪಡಿಸಿಕೊಳ್ಳಿ. ಕರೆ ಮಾಡಿದವರ ಹೆಸರು, ಉತ್ತರಿಸಿದವರ ಹೆಸರು, ದಿನಾಂಕ ಮತ್ತು ಸಮಯವನ್ನು ಒಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಿ. ಕಾಗದದ ರಿಜಿಸ್ಟರೇ ಸಾಕು. ಹೊಸ ಖಾತೆಗೆ ಮೊದಲ ಪಾವತಿ ಕನಿಷ್ಠ ಒಂದು ಕೆಲಸದ ದಿನ ಬಿಟ್ಟೇ ಆಗಲಿ. ನೆಟ್‌ಬ್ಯಾಂಕಿಂಗ್‌ನಲ್ಲಿ ಒಬ್ಬರು ಪಾವತಿ ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ವ್ಯವಸ್ಥೆ ಬ್ಯಾಂಕ್‌ಗಳ ಚಾಲ್ತಿ ಖಾತೆಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಎರಡೂ ಓಟಿಪಿ ಒಬ್ಬರದೇ ಫೋನಿಗೆ ಬರುವಂತೆ ಮಾಡಿಟ್ಟಿರುವ ಕಚೇರಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಉಪಯುಕ್ತ ಸಂಗತಿ. ಆರ್‌ಟಿಜಿಎಸ್ ಮತ್ತು ನೆಫ್ಟ್ ಮೂಲಕ ಹಣ ಕಳುಹಿಸುವ ಮೊದಲು, ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕ್‌ಗಳಿಗೆ ಸೂಚಿಸಿತ್ತು. ಅದಕ್ಕೂ ಮೊದಲು, ನಾವು ಬರೆಯುವ ಹೆಸರು ಏನೇ ಇದ್ದರೂ ಹಣ ಹೋಗುತ್ತಿದ್ದದ್ದು ಖಾತೆ ಸಂಖ್ಯೆಯನ್ನು ನೋಡಿ ಮಾತ್ರ. ನಿಮ್ಮ ಹುಡುಗನಿಗೆ ಈ ಸೌಲಭ್ಯವನ್ನು ಯಾರಾದರೂ ತೋರಿಸಿಕೊಟ್ಟಿದ್ದರೇ? ತೋರಿಸಿರದಿದ್ದರೆ, ಅವನನ್ನು ಕೆಲಸದಿಂದ ತೆಗೆಯುವ ಮೊದಲು ಮಾಲೀಕರು ಆ ಪ್ರಶ್ನೆಯನ್ನು ತಮಗೇ ಕೇಳಿಕೊಳ್ಳಬೇಕು.

ತಡೆಹಿಡಿದ ಹಣ ತಾನಾಗಿ ಹಿಂದಿರುಗುವುದಿಲ್ಲ. ಇಷ್ಟು ದೊಡ್ಡ ಮೊತ್ತಕ್ಕೆ ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕಾಗುತ್ತದೆ, ಆದ್ದರಿಂದ ದೂರಿನ ಸ್ವೀಕೃತಿ ಸಂಖ್ಯೆಯನ್ನು ಜೋಪಾನವಾಗಿಡಿ ಮತ್ತು ವಕೀಲರನ್ನು ಈಗಲೇ ಕಾಣಿ.

ರಾಜಾಜಿನಗರ ವರ್ಕ್‌ಶಾಪ್:

ನಾನೂ ಒಂದು ಸಣ್ಣ ಘಟಕದ ಮಾಲೀಕ. ಇಲ್ಲಿ ಎಲ್ಲರೂ ಹುಡುಗನ ಪರವಾಗಿ ಮಾತನಾಡುತ್ತಿರುವುದರಿಂದ ಮಾಲೀಕರ ಕಡೆಯ ಮಾತನ್ನೂ ಹೇಳಬೇಕು. ಹನ್ನೆರಡು ಲಕ್ಷ ರೂಪಾಯಿ ಎಂದರೆ ನಮ್ಮಂಥವರಿಗೆ ಎರಡು ತಿಂಗಳ ಸಂಬಳದ ಹಣ. ತಪ್ಪಿಗೆ ಯಾವ ಪರಿಣಾಮವೂ ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಎಚ್ಚರ ವಹಿಸುತ್ತಾರೆಯೇ? ಕೆಲಸದಿಂದ ತೆಗೆಯುವುದು ಹೆಚ್ಚಾಯಿತೆಂದು ಒಪ್ಪುತ್ತೇನೆ, ಆದರೆ ಏನೂ ನಡೆದಿಲ್ಲ ಎಂಬಂತೆ ಇರುವುದೂ ಸರಿಯಲ್ಲ.

ವಿಜಯನಗರ ಎಚ್‌ಆರ್:

ಸರ್, ನಿಮ್ಮ ನೋವು ನ್ಯಾಯವಾದದ್ದು. ಆದರೂ ನಾನು ನೋಡಿದ ಒಂದು ಸಂಗತಿಯನ್ನು ಹೇಳಲೇಬೇಕು. ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಸುಳ್ಳು ಲಿಂಕ್ ಒತ್ತಿದ ಒಬ್ಬರನ್ನು ವ್ಯವಸ್ಥಾಪಕರು ಎಲ್ಲರೆದುರು ಗದರಿಸಿ, ಅವರ ಹೆಸರನ್ನು ಸೂಚನಾ ಫಲಕದಲ್ಲಿ ಹಾಕಿಸಿದ್ದರು. ಅದಾದ ನಾಲ್ಕು ತಿಂಗಳಿಗೆ ಇನ್ನೊಬ್ಬ ಹೆಣ್ಣುಮಗಳ ಕಂಪ್ಯೂಟರಿಗೆ ಕಡತಗಳಿಗೆ ಬೀಗ ಹಾಕುವ ವೈರಸ್ ಹೊಕ್ಕು, ಕಡತಗಳ ಹೆಸರುಗಳು ಒಂದೊಂದಾಗಿ ಬದಲಾಗತೊಡಗಿದವು. ಆಕೆ ಮಾನಿಟರನ್ನು ಆರಿಸಿ, ತಲೆನೋವೆಂದು ರಜೆ ಬರೆದು ಮನೆಗೆ ಹೋದಳು. ಮಾನಿಟರ್ ಆರಿತ್ತೇ ಹೊರತು ಕಂಪ್ಯೂಟರ್ ಆರಿರಲಿಲ್ಲ. ಮರುದಿನ ಬೆಳಿಗ್ಗೆ ಹೊತ್ತಿಗೆ ಹಂಚಿಕೊಂಡ ಡ್ರೈವ್‌ನಲ್ಲಿದ್ದ ಏಳು ವರ್ಷಗಳ ಕಡತಗಳೂ ಹೋಗಿದ್ದವು. ಮೊದಲ ಐದು ನಿಮಿಷದಲ್ಲಿ ಆಕೆ ಕೂಗಿದ್ದರೆ, ಯಾರಾದರೂ ನೆಟ್‌ವರ್ಕ್ ಕೇಬಲ್ ಕಿತ್ತಿದ್ದರೆ, ಹೋಗುತ್ತಿದ್ದದ್ದು ಒಂದೇ ಕಂಪ್ಯೂಟರ್. ಆಕೆ ಕೂಗಲಿಲ್ಲ, ಏಕೆಂದರೆ ಆ ಸೂಚನಾ ಫಲಕ ಆಕೆಯ ಕಣ್ಣಮುಂದಿತ್ತು.

ನೀವು ಕೇಳಿದ ಪರಿಣಾಮ ಇರಲಿ, ಆದರೆ ಅದು ಮುಚ್ಚಿಟ್ಟದ್ದಕ್ಕೆ ಇರಲಿ. ತಪ್ಪನ್ನು ತಾನೇ ಬಂದು ಹೇಳಿದವರಿಗೆ ಶಿಕ್ಷೆಯಿಲ್ಲ ಎಂದು ಮಾಲೀಕರೇ ತಮ್ಮ ಬಾಯಿಂದ, ಎಲ್ಲರೆದುರು ಹೇಳಬೇಕು. ಎಚ್‌ಆರ್ ಕಳುಹಿಸುವ ಇಮೇಲಿಗೆ ಆ ಬೆಲೆ ಬರುವುದಿಲ್ಲ.

ತರಬೇತಿಯ ಬಗ್ಗೆಯೂ ಒಂದು ಮಾತು. ಇಂಗ್ಲಿಷ್‌ನಲ್ಲಿ ಮಾಡಿದ ನಲವತ್ತು ಸ್ಲೈಡುಗಳನ್ನು ಶಾಪ್‌ಫ್ಲೋರ್‌ನವರಿಗೆ ತೋರಿಸಿ ಹಾಜರಾತಿಗೆ ಸಹಿ ಹಾಕಿಸಿಕೊಳ್ಳುವುದರಿಂದ ಏನೂ ಆಗುವುದಿಲ್ಲ. ಕನ್ನಡದಲ್ಲಿ, ಊಟದ ವಿರಾಮಕ್ಕೆ ಮೊದಲು ಹದಿನೈದು ನಿಮಿಷ, ಅವರ ಫೋನಿಗೇ ಬಂದ ಸಂದೇಶಗಳನ್ನು ಇಟ್ಟುಕೊಂಡು ಮಾತನಾಡಿ. ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವ, ಒತ್ತಿದರೆ ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಎಪಿಕೆ ಕಡತಗಳಿಂದ ಸ್ವಂತ ಹಣ ಕಳೆದುಕೊಂಡವರು ಪ್ರತಿ ಕಾರ್ಖಾನೆಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ತನ್ನ ಖಾತೆಯನ್ನು ಕಾಪಾಡಿಕೊಳ್ಳಲು ಕಲಿತವನು ಕಂಪನಿಯದನ್ನೂ ಕಾಪಾಡುತ್ತಾನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವಿದೆ, ಅವರನ್ನೂ ಸಂಪರ್ಕಿಸಿ ನೋಡಬಹುದು.

ರಾಜಾಜಿನಗರ ವರ್ಕ್‌ಶಾಪ್:

ಮುಚ್ಚಿಟ್ಟದ್ದಕ್ಕೆ ಶಿಕ್ಷೆ, ಹೇಳಿದ್ದಕ್ಕೆ ಇಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ನಮ್ಮಲ್ಲಿ ಯಂತ್ರದ ಗಾಯಗಳಿಗೆ ಇದೇ ನಿಯಮವಿದೆ. ಇದಕ್ಕೂ ಅದು ಅನ್ವಯಿಸುತ್ತದೆಂದು ನನಗೆ ಹೊಳೆದಿರಲಿಲ್ಲ.

ಹಳೆಯ ಸರ್ವರ್ ರೂಮ್:

ಸಾರ್ವಜನಿಕ ವಲಯದ ಸಂಸ್ಥೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಸರ್ವರ್ ನೋಡಿಕೊಂಡು ನಿವೃತ್ತನಾಗಿದ್ದೇನೆ. ಇಲ್ಲಿ ಇನ್ನೂ ಯಾರೂ ಕೇಳದ ಪ್ರಶ್ನೆಯನ್ನು ಕೇಳುತ್ತೇನಮ್ಮ. ನಿಮ್ಮ ಬ್ಯಾಕಪ್ ಎಲ್ಲಿದೆ, ಮತ್ತು ಅದರಿಂದ ಕೊನೆಯ ಸಲ ಕಡತಗಳನ್ನು ಹಿಂದಕ್ಕೆ ತಂದು ನೋಡಿದ್ದು ಯಾವಾಗ?

ನಾಲ್ಕು ವರ್ಷಗಳ ಹಿಂದೆ ನನ್ನ ಸ್ನೇಹಿತರ ಮುದ್ರಣಾಲಯದಲ್ಲಿ ಡಿಸ್ಕ್ ಕೆಟ್ಟಿತು. ಅವರು ನಿಶ್ಚಿಂತರಾಗಿದ್ದರು, ಏಕೆಂದರೆ ಬ್ಯಾಕಪ್ ತಂತ್ರಾಂಶ ದಿನವೂ ರಾತ್ರಿ ಹತ್ತು ಗಂಟೆಗೆ ಹಸಿರು ಗುರುತು ತೋರಿಸುತ್ತಿತ್ತು. ನಾನು ಹೋಗಿ ಆ ಬ್ಯಾಕಪ್ ತೆರೆದೆ. ಒಂದು ಫೋಲ್ಡರ್ ಇತ್ತು, ಅದರೊಳಗೆ ಏನೂ ಇರಲಿಲ್ಲ. ಹನ್ನೊಂದು ತಿಂಗಳ ಹಿಂದೆ ಜಾಗ ಸಾಲದೆಂದು ಯಾರೋ ಲೆಕ್ಕಪತ್ರ ತಂತ್ರಾಂಶ ಟ್ಯಾಲಿಯ ದತ್ತಾಂಶವನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಸಾಗಿಸಿದ್ದರು. ಬ್ಯಾಕಪ್ ಮಾತ್ರ ಹಳೆಯ ಜಾಗದಿಂದಲೇ, ಖಾಲಿ ಫೋಲ್ಡರನ್ನೇ, ಪ್ರತಿ ರಾತ್ರಿ ಶ್ರದ್ಧೆಯಿಂದ ನಕಲು ಮಾಡುತ್ತಿತ್ತು. ಹಸಿರು ಗುರುತು ಸುಳ್ಳು ಹೇಳಿರಲಿಲ್ಲ, ಏಕೆಂದರೆ ನಕಲು ನಿಜವಾಗಿಯೂ ಯಶಸ್ವಿಯಾಗಿತ್ತು. ಆ ಸ್ನೇಹಿತರ ಮಗಳು ಹಳೆಯ ಬಿಲ್ ಪುಸ್ತಕಗಳನ್ನು ಹರಡಿಕೊಂಡು ಒಂದು ವರ್ಷದ ಲೆಕ್ಕವನ್ನು ಮತ್ತೆ ಕೈಯಿಂದ ಏರಿಸಿದಳು. ಅದಕ್ಕೆ ಮೂರು ತಿಂಗಳು ಹಿಡಿಯಿತು.

ಆದ್ದರಿಂದ ಹಿಂದಕ್ಕೆ ತಂದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಮೂರು ತಿಂಗಳಿಗೊಮ್ಮೆ ಒಂದು ಖಾಲಿ ಕಂಪ್ಯೂಟರ್ ತೆಗೆದುಕೊಂಡು, ಬ್ಯಾಕಪ್‌ನಿಂದ ಟ್ಯಾಲಿ ಕಂಪನಿಯನ್ನು ಅದರಲ್ಲಿ ತೆರೆದು, ಹಿಂದಿನ ದಿನದ ಕೊನೆಯ ವೋಚರ್ ಕಾಣುತ್ತದೆಯೇ ಎಂದು ನೋಡಿ. ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ಬರೆದಿಡಿ. ನಿಜವಾದ ಆಪತ್ತಿನ ದಿನ ಮಾಲೀಕರು ಕೇಳುವ ಮೊದಲ ಪ್ರಶ್ನೆ ಅದೇ.

ಇನ್ನು ಬ್ಯಾಕಪ್ ಎಲ್ಲಿರಬೇಕು ಎಂಬ ವಿಷಯ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಟ್ಟಡದಿಂದ ಹೊರಗೆ ಎಂಬುದು ಹಳೆಯ ಸೂತ್ರ. ಒತ್ತೆಹಣ ಕೇಳುವ ವೈರಸ್‌ಗಳ ಈ ಕಾಲದಲ್ಲಿ ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ಒಂದು ಪ್ರತಿಗೆ ಯಾವ ತಂತಿಯ ಸಂಪರ್ಕವೂ ಇರಬಾರದು. ಸದಾ ಚುಚ್ಚಿಕೊಂಡೇ ಇರುವ ಯುಎಸ್‌ಬಿ ಡಿಸ್ಕನ್ನು ವೈರಸ್ ಇನ್ನೊಂದು ಡ್ರೈವ್ ಎಂದೇ ಕಾಣುತ್ತದೆ ಮತ್ತು ಅದನ್ನೂ ಬೀಗ ಹಾಕುತ್ತದೆ. 2017ರ ಜೂನ್ ತಿಂಗಳಲ್ಲಿ ನಾಟ್‌ಪೆಟ್ಯಾ ದಾಳಿ ನಡೆದಾಗ, ಜಗತ್ತಿನ ಅತಿದೊಡ್ಡ ಹಡಗು ಸಾಗಣೆ ಕಂಪನಿಗಳಲ್ಲಿ ಒಂದಾದ ಮೇರ್ಸ್ಕ್‌ನಲ್ಲಿ, ಯಾರಿಗೆ ಯಾವ ಪ್ರವೇಶ ಇದೆ ಎಂದು ನಿರ್ಧರಿಸುವ ಡೊಮೇನ್ ಕಂಟ್ರೋಲರ್‌ಗಳೆಲ್ಲ ಒಂದರ ಪ್ರತಿಯನ್ನು ಇನ್ನೊಂದು ಇಟ್ಟುಕೊಳ್ಳುವಂತೆ ಏರ್ಪಾಡಾಗಿತ್ತು. ದಾಳಿಯಲ್ಲಿ ಅವೆಲ್ಲ ಒಟ್ಟಿಗೇ ಅಳಿದುಹೋದವು. ಘಾನಾ ದೇಶದ ಕಚೇರಿಯಲ್ಲಿದ್ದ ಒಂದು ಮಾತ್ರ ಉಳಿಯಿತು, ಏಕೆಂದರೆ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಆ ಒಂದರಿಂದಲೇ ಅವರು ಸುಮಾರು 45,000 ಕಂಪ್ಯೂಟರ್‌ಗಳ ಮತ್ತು 4,000 ಸರ್ವರ್‌ಗಳ ಜಾಲವನ್ನು ಹತ್ತು ದಿನಗಳಲ್ಲಿ ಮತ್ತೆ ಕಟ್ಟಿದರು. ಅವರಿಗೆ ಅದೃಷ್ಟದಿಂದ ಒದಗಿದ್ದನ್ನು ನೀವು ವಾರಕ್ಕೊಮ್ಮೆ ಡಿಸ್ಕ್ ಕಿತ್ತು ಬೀರುವಿನಲ್ಲಿಡುವ ಮೂಲಕ ಪಡೆಯಬಹುದು. ಎರಡು ಡಿಸ್ಕ್ ಇರಲಿ, ಒಂದು ಬೀರುವಿನಲ್ಲಿ ಮತ್ತು ಇನ್ನೊಂದು ಮಾಲೀಕರ ಮನೆಯಲ್ಲಿ, ವಾರ ಬಿಟ್ಟು ವಾರ ಅದಲುಬದಲು. ಎರಡಕ್ಕೂ ಎನ್‌ಕ್ರಿಪ್ಷನ್ ಹಾಕಿ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮಾಡಿ, ಆಗ ದಾರಿಯಲ್ಲಿ ಕಳೆದರೂ ಚಿಂತೆಯಿಲ್ಲ.

ಬೊಮ್ಮಸಂದ್ರ ಸಿಎನ್‌ಸಿ:

ಸರ್ ಬರೆದದ್ದನ್ನು ಓದಿ ಇಂದೇ ನಮ್ಮ ಬ್ಯಾಕಪ್ ತೆರೆದು ನೋಡಿದೆ, ಧನ್ಯವಾದಗಳು.

ಮೇಡಂ 31 ಕಂಪ್ಯೂಟರ್ ಎಂದು ಬರೆದಿದ್ದಾರೆ. ಆ ಸಂಖ್ಯೆಯನ್ನು ಮತ್ತೊಮ್ಮೆ ಎಣಿಸಿ ಎಂಬುದು ನನ್ನ ವಿನಂತಿ. ನಮ್ಮಲ್ಲಿ ಆಯುಧಪೂಜೆಗೆ ಮುನ್ನಾದಿನ ಪ್ರತಿ ಯಂತ್ರವನ್ನೂ ಒರೆಸಿ, ಕುಂಕುಮ ಹಚ್ಚಿ, ಹೂವಿಡುವ ರೂಢಿ. ಎರಡು ವರ್ಷಗಳ ಹಿಂದೆ ಹಾಗೆ ಒರೆಸುತ್ತಾ ಹೋದಾಗ ಸ್ಟೋರ್ಸ್‌ನ ಹಿಂದಿನ ಮೂಲೆಯಲ್ಲಿ, ರಟ್ಟಿನ ಡಬ್ಬಗಳ ಹಿಂದೆ, ದೀಪ ಮಿನುಗುತ್ತಿದ್ದ ಒಂದು ಕಂಪ್ಯೂಟರ್ ಸಿಕ್ಕಿತು. ಹಿಂದೊಮ್ಮೆ ಹಾಜರಾತಿ ಯಂತ್ರಕ್ಕೆಂದು ಇಟ್ಟದ್ದಂತೆ. ಅದರಲ್ಲಿ ವಿಂಡೋಸ್ 7 ಇತ್ತು, ಅಂದರೆ 2020ರ ಜನವರಿಯಿಂದ ತಯಾರಕರು ಭದ್ರತಾ ತಿದ್ದುಪಡಿ ನಿಲ್ಲಿಸಿದ ಆವೃತ್ತಿ. ಹೊರಗಿನಿಂದ ಯಾರಾದರೂ ನಿಯಂತ್ರಿಸಬಹುದಾದ ತಂತ್ರಾಂಶವೂ ಅದರಲ್ಲಿ ಚಾಲೂ ಇತ್ತು. ಹಾಜರಾತಿ ಯಂತ್ರ ಮಾರಿದವರು ತಮ್ಮ ಅನುಕೂಲಕ್ಕೆ ಹಾಕಿಟ್ಟು ಮರೆತಿದ್ದರು. ಇಂಥ ಬಾಗಿಲು ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದಕ್ಕೆ 2013ರ ಅಮೆರಿಕದ ಟಾರ್ಗೆಟ್ ಮಳಿಗೆಗಳ ಪ್ರಕರಣವಿದೆ. ಅಲ್ಲಿ ಕಳ್ಳರು ಶೈತ್ಯೀಕರಣ ಗುತ್ತಿಗೆದಾರರಿಗೆ ಕೊಟ್ಟಿದ್ದ ಪ್ರವೇಶದಿಂದ ಒಳಗೆ ಹೋಗಿ, ಸುಮಾರು 4 ಕೋಟಿ ಗ್ರಾಹಕರ ಕಾರ್ಡುಗಳ ವಿವರ ಕದ್ದರು.

ಈಗ ನಾವು ಆಯುಧಪೂಜೆಯ ಹಿಂದಿನ ದಿನವನ್ನೇ ಎಣಿಕೆಯ ದಿನವಾಗಿ ಮಾಡಿಕೊಂಡಿದ್ದೇವೆ. ಒರೆಸುವವರ ಜೊತೆ ಒಬ್ಬರು ಪಟ್ಟಿ ಹಿಡಿದು ಹೋಗುತ್ತಾರೆ. ಕ್ಯಾಮೆರಾ, ವೈಫೈ ರೂಟರ್, ಪ್ರಿಂಟರ್, ಹಾಜರಾತಿ ಯಂತ್ರ ಎಲ್ಲವೂ ಪಟ್ಟಿಯಲ್ಲಿ ಬರುತ್ತವೆ, ಪ್ರತಿಯೊಂದರ ಮುಂದೆ ಅದಕ್ಕೆ ಯಾರು ಹೊಣೆ ಎಂದು ಒಬ್ಬರ ಹೆಸರಿರುತ್ತದೆ.

ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ, ಯಂತ್ರಗಳ ಸಮಸ್ಯೆ ಬೇರೆ. ಯಂತ್ರದ ಆಯಸ್ಸು ಇಪ್ಪತ್ತೈದು ವರ್ಷ, ಅದರೊಳಗಿನ ವಿಂಡೋಸ್‌ನದು ಹತ್ತು. ನಮ್ಮ ಎರಡು ಯಂತ್ರಗಳಲ್ಲಿ ಇಂದಿಗೂ ಹಳೆಯ ವಿಂಡೋಸ್ ಎಕ್ಸ್‌ಪಿ ಇದೆ, ಬದಲಿಸಲು ಹೋದರೆ ಯಂತ್ರವೇ ನಿಲ್ಲುತ್ತದೆ. ವನ್ನಾಕ್ರೈ ವೈರಸ್ 2017ರ ಮೇ 12ರಂದು 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಅದು ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ, ಅಂದರೆ ಭದ್ರತಾ ತಿದ್ದುಪಡಿ, ಬಿಡುಗಡೆ ಮಾಡಿತ್ತು. ಹಾಕಬಹುದಾದ ಕಂಪ್ಯೂಟರ್‌ಗಳಿಗೆ ಎರಡು ತಿಂಗಳಾದರೂ ಹಾಕದೆ ಇದ್ದವರದು ಒಂದು ಬಗೆಯ ತಪ್ಪು. ಹಾಕಲಾಗದ ಯಂತ್ರವನ್ನು ಎಲ್ಲರ ಜೊತೆ ಒಂದೇ ಜಾಲದಲ್ಲಿ ಬಿಡುವುದು ಇನ್ನೊಂದು ಬಗೆಯ ತಪ್ಪು. ನಾವು ಆ ಯಂತ್ರಗಳನ್ನು ಬೇರೆ ನೆಟ್‌ವರ್ಕ್ ಸ್ವಿಚ್ಚಿಗೆ ಹಾಕಿ, ಇಂಟರ್ನೆಟ್ ಪೂರ್ತಿ ಕಡಿದು, ಪ್ರೋಗ್ರಾಂ ಕಳುಹಿಸಲು ಒಂದೇ ಒಂದು ಕಂಪ್ಯೂಟರಿಗೆ ಅವಕಾಶ ಕೊಟ್ಟಿದ್ದೇವೆ. ಪೆನ್‌ಡ್ರೈವ್ ಬೇಕಾದರೆ ಕೆಂಪು ದಾರ ಕಟ್ಟಿದ ಎರಡನ್ನು ಮಾತ್ರ ಬಳಸಬೇಕು, ಅವು ಮನೆಗೆ ಹೋಗುವಂತಿಲ್ಲ. ಈ ಬೇರ್ಪಡಿಸುವ ಕೆಲಸಕ್ಕೆ ಫೈರ್‌ವಾಲ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಆದರೆ ಅದಕ್ಕೆ ಒಂಬತ್ತು ಲಕ್ಷ ಬೇಕಿಲ್ಲ.

ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ 31ರಲ್ಲಿ ಅಂಥವು ಎಷ್ಟಿವೆ ಎಂದು ನೋಡಿಕೊಳ್ಳಿ.

ಪೀಣ್ಯ ಎರಡನೇ ಹಂತ:

ಎಲ್ಲರಿಗೂ ಕೃತಜ್ಞತೆಗಳು. ನಾಚಿಕೆಯಿಂದಲೇ ಹೇಳಬೇಕು: ಎಣಿಸಿದಾಗ 31ರ ಬದಲು 38 ಸಿಕ್ಕವು. ಎರಡು ವರ್ಷಗಳ ಹಿಂದೆ ಕೆಲಸ ಬಿಟ್ಟ ಮೂವರ ಇಮೇಲ್ ಖಾತೆಗಳು ಇನ್ನೂ ಜೀವಂತವಾಗಿದ್ದವು. ಟ್ಯಾಲಿಗೆ ನಾವೆಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದೆವು. ಎರಡು ಪ್ರಶ್ನೆಗಳಿವೆ. ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕೇ? ಮತ್ತು ಕಾನೂನಿನ ಪ್ರಕಾರ ನಾವು ಬೇರೆ ಯಾರಿಗಾದರೂ ತಿಳಿಸಬೇಕಿತ್ತೇ?

ವೈಟ್‌ಫೀಲ್ಡ್ ರಾತ್ರಿಪಾಳಿ:

ಪಾಸ್‌ವರ್ಡ್ ಸೋರಿದೆ ಎಂಬ ಅನುಮಾನ ಬಂದಾಗ ಕೂಡಲೇ ಬದಲಿಸಿ, ಸುಮ್ಮಸುಮ್ಮನೆ ಅವಧಿಗೊಮ್ಮೆ ಬದಲಾಯಿಸಲು ಒತ್ತಾಯಿಸಬೇಡಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿಯೇ ಈ ಸಲಹೆ ಕೊಟ್ಟಿದೆ. ಒತ್ತಾಯ ಮಾಡಿದರೆ ಜನ ಊರಿನ ಹೆಸರಿನ ಮುಂದೆ 1 ಬರೆದದ್ದನ್ನು 2 ಮಾಡುತ್ತಾರೆ, ಅಷ್ಟೇ. ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆದರೆ ಉದ್ದವಾಗುತ್ತದೆ, ನೆನಪಿನಲ್ಲೂ ಉಳಿಯುತ್ತದೆ. ಟ್ಯಾಲಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಹೆಸರು ಕೊಡಿ. ಒಂದೇ ಪಾಸ್‌ವರ್ಡ್ ಎಲ್ಲರದಾದರೆ, ಏನಾದರೂ ಆದಾಗ ಯಾರು ಮಾಡಿದ್ದೆಂದು ತಿಳಿಯುವುದಿಲ್ಲ, ನಿರಪರಾಧಿಯೂ ತನ್ನನ್ನು ಸಮರ್ಥಿಸಿಕೊಳ್ಳಲಾರ.

ಕಾನೂನಿನ ವಿಷಯ: ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಪಟ್ಟಿಯಲ್ಲಿ ಹೇಳಿರುವ ಬಗೆಯ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್‌ಗಳಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆಗಳನ್ನು, 180 ದಿನ ಇಟ್ಟುಕೊಂಡಿರಬೇಕು, ಎಲ್ಲ ಕಂಪ್ಯೂಟರ್‌ಗಳ ಗಡಿಯಾರವೂ ಸರಿಹೊಂದಿರಬೇಕು. ಗಡಿಯಾರದ ಮಾತು ಸಣ್ಣದೆನ್ನಿಸಬಹುದು, ಆದರೆ ಎರಡು ಕಂಪ್ಯೂಟರ್‌ಗಳ ಸಮಯದಲ್ಲಿ ಹನ್ನೊಂದು ನಿಮಿಷ ವ್ಯತ್ಯಾಸವಿದ್ದ ಕಾರಣಕ್ಕೆ ಇಡೀ ಒಂದು ರಾತ್ರಿ ನಾನು ತಪ್ಪು ಖಾತೆಯ ಬೆನ್ನು ಹತ್ತಿದ್ದೇನೆ. ಕ್ಲೌಡ್ ಇಮೇಲ್ ಸೇವೆಗಳ ಅಗ್ಗದ ಯೋಜನೆಗಳಲ್ಲಿ ಲಾಗ್ ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿ ತಿಳಿದುಕೊಳ್ಳಿ.

ಬಸವನಗುಡಿ ಆಡಿಟರ್:

ಇದಕ್ಕೆ ಸೇರಿಸುವುದೊಂದಿದೆ. ನಿಮ್ಮಲ್ಲಿ 85 ಜನರ ಆಧಾರ್ ಪ್ರತಿ, ಬ್ಯಾಂಕ್ ವಿವರ, ವೈದ್ಯಕೀಯ ದಾಖಲೆಗಳಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ, ದತ್ತಾಂಶಕ್ಕೆ ಸೂಕ್ತ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮೊದಲು ಮಾಡಬೇಕಾದದ್ದು ಬೇಡದ್ದನ್ನು ಅಳಿಸುವುದು. ಹತ್ತು ವರ್ಷಗಳ ಹಿಂದೆ ಸಂದರ್ಶನಕ್ಕೆ ಬಂದುಹೋದವರ ಆಧಾರ್ ಪ್ರತಿ ನಿಮ್ಮ ಬಳಿ ಏಕಿರಬೇಕು? ಇಲ್ಲದ ಕಡತವನ್ನು ಯಾರೂ ಕದಿಯಲಾರರು.

ಹಳೆಯ ಸರ್ವರ್ ರೂಮ್:

ಹುಡುಗ ಹಣ ಕಳುಹಿಸಿದ್ದು ಶನಿವಾರ ಮಧ್ಯಾಹ್ನ ಎಂಬುದನ್ನು ಗಮನಿಸಿ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶ ಬ್ಯಾಂಕಿನಿಂದ 8 ಕೋಟಿ 10 ಲಕ್ಷ ಡಾಲರ್ ಹೋದದ್ದು ಅಲ್ಲಿನ ವಾರದ ರಜೆಗೆ ಹೊಂದಿಕೊಂಡ ಗುರುವಾರ ರಾತ್ರಿ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋದ ದಾಳಿ ಆರಂಭವಾದದ್ದೂ ಶನಿವಾರ. ರಜೆಯ ಹಿಂದಿನ ದಿನ ಮಧ್ಯಾಹ್ನದ ಮೇಲೆ ಹೊಸ ಖಾತೆಗೆ ಪಾವತಿಯಿಲ್ಲ ಎಂದು ಒಂದು ಸಾಲು ಬರೆದು ಗೋಡೆಗೆ ಅಂಟಿಸಿ.

ಪೀಣ್ಯ ಎರಡನೇ ಹಂತ:

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲ ಇಮೇಲ್ ಖಾತೆಗಳಿಗೂ ಎರಡನೆಯ ಹಂತ ಹಾಕಿಸಿದ್ದೇವೆ. ಬಿಟ್ಟುಹೋದವರ ಖಾತೆಗಳನ್ನು ಮುಚ್ಚಿದ್ದೇವೆ. ಬ್ಯಾಕಪ್‌ನಿಂದ ಟ್ಯಾಲಿ ತೆರೆಯುವ ಪರೀಕ್ಷೆ ಮೊದಲ ಸಲ ಸೋತಿತು, ಡಿಸ್ಕಿನ ಎನ್‌ಕ್ರಿಪ್ಷನ್ ಕೀಲಿ ಯಾರ ಬಳಿಯಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ಅದು ಮುಚ್ಚಿದ ಲಕೋಟೆಯಲ್ಲಿ ಮಾಲೀಕರ ತಿಜೋರಿಯಲ್ಲಿದೆ. ಎರಡನೆಯ ಸಲ ಮೂರು ಗಂಟೆ ನಲವತ್ತು ನಿಮಿಷದಲ್ಲಿ ಹಿಂದಿನ ದಿನದ ವೋಚರ್ ಪರದೆಯ ಮೇಲೆ ಬಂತು.

ಹುಡುಗ ಕೆಲಸದಲ್ಲಿದ್ದಾನೆ, ಖಾತೆ ಬದಲಾವಣೆಯ ರಿಜಿಸ್ಟರ್ ಅವನ ಜವಾಬ್ದಾರಿ. ಕಳೆದ ವಾರ ಹೊಸಕೋಟೆಯ ಪೂರೈಕೆದಾರರೊಬ್ಬರಿಂದ ಖಾತೆ ಬದಲಾವಣೆಯ ಪತ್ರ ಬಂತು. ಅವನು ಹಳೆಯ ಬಿಲ್ಲಿನ ಸಂಖ್ಯೆಗೆ ಕರೆ ಮಾಡಿದ. ಪತ್ರ ನಿಜವಾದದ್ದೇ ಆಗಿತ್ತು, ಆದರೂ ನಿಯಮದಂತೆ ಪಾವತಿ ಒಂದು ದಿನ ತಡವಾಯಿತು. ಅವರು ಬೇಸರದಿಂದ ಮಾಲೀಕರಿಗೆ ಫೋನ್ ಮಾಡಿದಾಗ, ಮಾಲೀಕರು ನಮ್ಮ ಕಥೆಯನ್ನೆಲ್ಲ ಅವರಿಗೆ ಹೇಳಿ, ನೀವೂ ಹೀಗೆಯೇ ಮಾಡಿ ಎಂದರು. ಈಗ ಅವರು ಆ ರಿಜಿಸ್ಟರಿನ ನಮೂನೆ ಕೇಳಿದ್ದಾರೆ.

ಫೈರ್‌ವಾಲ್‌ಗೆ ಹೊಸದಾಗಿ ಮೂರು ಕಡೆಯಿಂದ ದರಪಟ್ಟಿ ತರಿಸಿದ್ದೇವೆ, ಸಿಎನ್‌ಸಿ ಯಂತ್ರಗಳನ್ನು ಬೇರ್ಪಡಿಸುವ ಕೆಲಸಕ್ಕೆ ಮಾತ್ರ. ಬೊಮ್ಮಸಂದ್ರದವರೇ, ಹಾಜರಾತಿ ಯಂತ್ರ ಮಾರಿದವರು ಹೊರಗಿನಿಂದ ಪ್ರವೇಶವಿಲ್ಲದೆ ದುರಸ್ತಿ ಮಾಡುವುದಿಲ್ಲ ಎಂದು ಪಟ್ಟು ಹಿಡಿದಿದ್ದಾರೆ. ನೀವು ಅವರೊಡನೆ ಯಾವ ಒಪ್ಪಂದಕ್ಕೆ ಬಂದಿರಿ?

ಬೊಮ್ಮಸಂದ್ರ ಸಿಎನ್‌ಸಿ:

ಮೇಡಂ, ನಮಗೂ ಅದೇ ಪಟ್ಟು ಎದುರಾಗಿತ್ತು. ದುರಸ್ತಿ ಬೇಕಾದಾಗ ಅವರು ನಮಗೆ ಫೋನ್ ಮಾಡಬೇಕು, ನಾವು ಆ ಕಂಪ್ಯೂಟರಿನಲ್ಲಿ ಪ್ರವೇಶ ತೆರೆದು ಎದುರಿಗೇ ಕುಳಿತಿರುತ್ತೇವೆ, ಕೆಲಸ ಮುಗಿದ ಕೂಡಲೇ ಮುಚ್ಚುತ್ತೇವೆ. ವಾರ್ಷಿಕ ನಿರ್ವಹಣಾ ಒಪ್ಪಂದ ನವೀಕರಿಸುವಾಗ ಇದನ್ನು ಷರತ್ತಾಗಿ ಬರೆಸಿದೆವು. ಆ ಷರತ್ತಿನ ಸಾಲುಗಳನ್ನು ನಾಳೆ ಇಲ್ಲಿಯೇ ಹಾಕುತ್ತೇನೆ.